ರಂಗದ ಕಳ್ಳನೂ ನಮ್ಮ ನಗೆಯೂ

ನಾಟಕದ ನಾಯಕನನ್ನು ನಾವು ಗೌರವಿಸುತ್ತೇವೆ. ನಗಿಸುವ ಕಳ್ಳನನ್ನಾದರೋ ಪ್ರೀತಿಸುತ್ತೇವೆ. ಹೆಣ್ಣುಮಕ್ಕಳ ಶಾಲೆಯ ರಂಗದ ಮೇಲೆ ಇಂತಹ ಪಾತ್ರಗಳು ಬರುವುದು ತರವೇ ಎಂದು ಕೆಲವು ತಾಯಿತಂದೆಗಳು ಶಂಕಿಸುವುದುಂಟು. ಆ ಶಂಕೆಯು ಹಗುರವಾದುದಲ್ಲ. ಆದರೂ ಅವು ಬರಬೇಕೆಂಬುದೇ ನನ್ನ ಅಭಿಪ್ರಾಯ.

ಕನ್ನಡ ನಾಡಿನಲ್ಲಿ ಇದಕ್ಕೆ ‘ಸದಾರಮೆ’ಯ ಕಳ್ಳನಿಗಿಂತ ಉತ್ತಮ ನಿದರ್ಶನವಿಲ್ಲ. ಆ ಪಾತ್ರದಿಂದ ಗುಬ್ಬಿ ವೀರಣ್ಣನವರು ಮನೆಮನೆಯ ಮಾತಾದರು. 1935ರಲ್ಲಿ ನಾಟಕವು ಚಲಚ್ಚಿತ್ರವಾದಾಗಲೂ ಕಳ್ಳನ ವೇಷ ಅವರದೇ ಆಯಿತು. ಜನರು ಅವನನ್ನು ಮೆಚ್ಚಿದುದು ಕಳವಿಗಾಗಿ ಅಲ್ಲ. ಕಪಟಿಯು ತನ್ನ ದುರಾಶೆಗೆ ಧರ್ಮದ ಹೊದಿಕೆ ಹೊದಿಸುತ್ತಾನೆ. ಈ ಕಳ್ಳನು ತಾನು ಕಳ್ಳನೆಂಬುದನ್ನು ಮರೆಮಾಚುವುದಿಲ್ಲ. ಮೇಲಾಗಿ, ಕೊನೆಗೆ ಅವನು ಸೋಲುವುದು ಒಬ್ಬ ಹೆಣ್ಣುಮಗಳ ಜಾಣ್ಮೆಗೆ. ನಮ್ಮ ಬಾಲಿಕೆಯರು ನಕ್ಕು ಕಲಿಯಬೇಕಾದ ಪಾಠವಲ್ಲವೇ ಇದು?

ಶೂದ್ರಕನ ‘ಮೃಚ್ಛಕಟಿಕ’ದಲ್ಲಿ ಶರ್ವಿಲಕನು ಕನ್ನ ಕೊರೆಯುವುದನ್ನೂ ಒಂದು ಶಾಸ್ತ್ರದಂತೆ ವಿಚಾರಿಸುತ್ತಾನೆ, ಅಳೆಯುವ ದಾರವನ್ನು ಮರೆತು ಬಂದುದರಿಂದ ಜನಿವಾರದಿಂದಲೇ ಗೋಡೆಯನ್ನು ಅಳೆಯುತ್ತಾನೆ. ಅವನು ಕದಿಯುವುದು ದಾಸ್ಯದಲ್ಲಿರುವ ತನ್ನ ಪ್ರಿಯೆ ಮದನಿಕೆಯನ್ನು ಬಿಡಿಸಲಿಕ್ಕೆ. ಯಾರ ಮನಸ್ಸು ಕರಗದು? ಆದರೆ ಒಡವೆಗಳನ್ನು ಹಿಂದಿರುಗಿಸೆಂದು ಬುದ್ಧಿ ಹೇಳುವವಳು ಆ ಮದನಿಕೆಯೇ. ಇತ್ತ, ಕಳೆದುಹೋದ ನ್ಯಾಸಕ್ಕೆ ಬದಲಾಗಿ ತನ್ನ ತವರಿನ ರತ್ನಮಾಲೆಯನ್ನು ಕೊಟ್ಟು ಗಂಡನ ಮಾನ ಕಾಯುವವಳು ಚಾರುದತ್ತನ ಹೆಂಡತಿ ಧೂತೆ. ಕಳ್ಳನ ವಿನೋದದ ಸಾಲವನ್ನು ತೀರಿಸಿದವಳು ಮನೆಯೊಳಗಿನ ಹೆಣ್ಣು!

ಷೇಕ್ಸ್‌ಪಿಯರನ ಫಾಲ್‌ಸ್ಟಾಫನದೂ ಇದೇ ಕಥೆ. ಅವನ ಹೊಟ್ಟೆಬಾಕತನಕ್ಕೂ ಬಡಾಯಿಗೂ ನಗದವರಿಲ್ಲ. ಆದರೆ ‘ನಾಲ್ಕನೆಯ ಹೆನ್ರಿ’ಯ ಮೊದಲ ಭಾಗದಲ್ಲಿ, ಉಳ್ಳವರಿಂದ ಹಣ ತೆಗೆದುಕೊಂಡು ಅವರನ್ನು ಸೈನ್ಯದಿಂದ ಬಿಟ್ಟು, ಬಡಬಗ್ಗರನ್ನು ಯುದ್ಧಕ್ಕೆ ಒಯ್ಯುತ್ತಾನೆ, ಅವನ 150 ಮಂದಿಯಲ್ಲಿ ಮೂವರೂ ಉಳಿಯುವುದಿಲ್ಲ. ನಮ್ಮ ನಗೆಯು ಗಂಟಲಲ್ಲೇ ನಿಲ್ಲುತ್ತದೆ. ಎರಡನೆಯ ಭಾಗದ ಕೊನೆಯಲ್ಲಿ ಹೊಸ ಅರಸನು ಹಳೆಯ ಗೆಳೆಯನನ್ನು ದೂರ ಮಾಡುವಾಗ ನಮಗೆ ನೋವಾದರೂ, ಅದು ಅನ್ಯಾಯವೆನ್ನಲು ಬಾಯಿ ಬಾರದು.

ಆದ್ದರಿಂದ ಮಕ್ಕಳನ್ನು ನಗೆಯಿಂದ ದೂರವಿಡುವುದು ವಿದ್ಯೆಯಲ್ಲ, ನಕ್ಕ ಮೇಲೆ “ಇದರ ಬೆಲೆಯನ್ನು ತೆತ್ತವರು ಯಾರು?” ಎಂದು ಕೇಳುವುದನ್ನು ಕಲಿಸುವುದು ವಿದ್ಯೆ. ಮಾತಿನ ಮೋಡಿಯಿಂದ ವಂಚಿಸುವವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ರಂಗದ ಕಳ್ಳನನ್ನು ಅರಿತವಳು ಬೀದಿಯ ಕಳ್ಳನನ್ನು ಬೇಗನೆ ಗುರುತಿಸುವಳು.

ಹೆಣ್ಣುಮಕ್ಕಳಿಗೆ ಪುರುಷವೇಷ ಒಪ್ಪದೆಂಬ ಮಾತೂ ಈಗ ಸಲ್ಲದು. 1958ರಲ್ಲಿ ಬೆಂಗಳೂರಿನಲ್ಲಿ ಆರ್. ನಾಗರತ್ನಮ್ಮನವರು ಸ್ತ್ರೀಯರಿಂದಲೇ ಕೂಡಿದ ಸ್ತ್ರೀ ನಾಟಕ ಮಂಡಳಿಯನ್ನು ಕಟ್ಟಿ, ಕಂಸನೇ ಮೊದಲಾದ ಪಾತ್ರಗಳನ್ನು ತಾವೇ ಆಡಿ ತೋರಿಸಿದರು.

ರಾಜಾಜಿನಗರದಿಂದ ಕೆಂಗೇರಿಯವರೆಗೆ ಹರಡಿರುವ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಪೋಷಕರಲ್ಲಿಯೂ ನನ್ನ ವಿಜ್ಞಾಪನೆ ಇಷ್ಟೇ: ಶಾಲೆಯ ನಾಟಕದಲ್ಲಿ ನಿಮ್ಮ ಮಗಳಿಗೆ ಕಳ್ಳನ ಪಾತ್ರ ಬಂದರೆ ಬೇಸರಪಡಬೇಡಿರಿ. ಮುಂದಿನ ಸಾಲಿನಲ್ಲಿ ಕುಳಿತು ಮನಸಾರೆ ನಗಿರಿ; ಮನೆಗೆ ಬಂದ ಮೇಲೆ ಅವಳೊಡನೆ ಧೂತೆಯ ರತ್ನಮಾಲೆಯ ವಿಷಯವನ್ನೂ ಮಾತನಾಡಿರಿ.