ಸಾಮಾನ್ಯ ಜ್ಞಾನವೂ ಸರಿಯುತ್ತರವೂ

ರಸಪ್ರಶ್ನೆಯ ಸ್ಪರ್ಧೆಗಳು ನಮ್ಮ ವಿದ್ಯಾರ್ಥಿಜೀವನದ ಒಂದು ಅಂಗವೇ ಆಗಿಬಿಟ್ಟಿವೆಯಷ್ಟೆ. ಪ್ರೌಢಶಾಲೆಯ ವಾರ್ಷಿಕೋತ್ಸವದಿಂದ ಹಿಡಿದು ಟೆಲಿವಿಷನ್ನಿನ ಪಂದ್ಯಾವಳಿಯವರೆಗೆ ಇವುಗಳ ಹರಹು ಹಬ್ಬಿದೆ. ಇವುಗಳ ಪ್ರಯೋಜನವನ್ನು ಕುರಿತು ಉಪಾಧ್ಯಾಯರೊಳಗೆ ಎರಡು ಪಂಗಡಗಳುಂಟು. ಮಕ್ಕಳ ಕುತೂಹಲವನ್ನು ಕೆರಳಿಸಲು ಇದಕ್ಕಿಂತ ಉತ್ತಮವಾದ ಸಾಧನವಿಲ್ಲವೆಂದು ಒಂದು ಪಕ್ಷ. ಗಿಣಿಪಾಠಕ್ಕೆ ಪಾರಿತೋಷಕವನ್ನು ಕೊಡುವ ಈ ಪದ್ಧತಿ ವಿದ್ಯೆಗೇ ಮಾರಕವೆಂದು ಇನ್ನೊಂದು ಪಕ್ಷ. ನಾವು ಈ ಎರಡು ಪಕ್ಷಗಳಲ್ಲಿಯೂ ಒಂದೊಂದು ಕಾಲದಲ್ಲಿ ಇದ್ದವರು. ಈಗ ನಮ್ಮ ಅಭಿಪ್ರಾಯವೇನೆಂಬುದನ್ನು ಹೇಳುವ ಮುನ್ನ, ಅದಕ್ಕೆ ಕಾರಣವಾದ ಒಂದು ಪ್ರಸಂಗವನ್ನು ವಾಚಕರ ಮುಂದಿಡಬೇಕಾಗಿದೆ.

ಕೆಲವು ವರ್ಷಗಳ ಕೆಳಗೆ ನಮ್ಮ ಕಾಲೇಜಿನ ಮೂವರು ವಿದ್ಯಾರ್ಥಿಗಳು ಟೆಲಿವಿಷನ್ ವಾಹಿನಿಯೊಂದು ಏರ್ಪಡಿಸಿದ್ದ ಸಾಮಾನ್ಯ ಜ್ಞಾನದ ಪಂದ್ಯಾವಳಿಯಲ್ಲಿ ಭಾಗವಹಿಸಿದರು. ಅವರನ್ನು ಸಿದ್ಧಗೊಳಿಸುವ ಹೊಣೆ ನಮ್ಮದಾಗಿತ್ತು. ಎರಡು ಸುತ್ತುಗಳನ್ನು ಗೆದ್ದು ಮೂರನೆಯದಕ್ಕೆ ಬಂದಾಗ ಅವರ ಉತ್ಸಾಹಕ್ಕೆ ಎಲ್ಲೆಯಿರಲಿಲ್ಲ. ಪಂದ್ಯವು ಮುಗಿಯುತ್ತ ಬಂದ ಹೊತ್ತಿನಲ್ಲಿ ಒಂದು ಪ್ರಶ್ನೆ ಬಂದಿತು: ಭೂಮಿಯನ್ನು ಸುತ್ತುತ್ತಿರುವ ಬಾಹ್ಯಾಕಾಶ ನಿಲ್ದಾಣದಲ್ಲಿ ಗಗನಯಾತ್ರಿಗಳು ತೇಲುತ್ತಿರಲು ಕಾರಣವೇನು? ನಮ್ಮ ಹುಡುಗನೊಬ್ಬನು ಮೊದಲು ಗುಂಡಿಯನ್ನೊತ್ತಿ, "ನಿಲ್ದಾಣವೂ ಅದರೊಳಗಿನವರೂ ಒಂದೇ ಸಮನಾಗಿ ಭೂಮಿಯ ಕಡೆಗೆ ಬೀಳುತ್ತಿರುವುದರಿಂದ" ಎಂದನು. ನಿರ್ವಾಹಕರು ತಮ್ಮ ಕೈಯಲ್ಲಿದ್ದ ಚೀಟಿಯನ್ನು ನೋಡಿ "ತಪ್ಪು" ಎಂದರು. ಐದು ಅಂಕಗಳು ಕಳೆದುಹೋದವು. ಪ್ರಶ್ನೆ ಪಕ್ಕದ ತಂಡಕ್ಕೆ ಹೋಯಿತು. "ಅಲ್ಲಿ ಗುರುತ್ವಾಕರ್ಷಣೆ ಇಲ್ಲದಿರುವುದರಿಂದ" ಎಂದು ಅವರೆಂದರು. ಸಭೆ ಚಪ್ಪಾಳೆ ತಟ್ಟಿತು. ಅವರಿಗೆ ಹತ್ತು ಅಂಕಗಳು ಬಂದವು. ಕೊನೆಯಲ್ಲಿ ನಮ್ಮವರು ಸೋತುದು ಹತ್ತೇ ಅಂಕಗಳಿಂದ.

ಹುಡುಗನ ಉತ್ತರ ಸರಿಯಾಗಿತ್ತೆಂಬುದನ್ನು ಭೌತವಿಜ್ಞಾನದ ಪ್ರಾರಂಭಿಕ ಪಾಠಗಳನ್ನು ಓದಿದವರೆಲ್ಲರೂ ಒಪ್ಪುವರು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವು ನೆಲದಿಂದ ಸುಮಾರು 400 ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತದೆ. ಭೂಮಿಯ ತ್ರಿಜ್ಯ ಸುಮಾರು 6,370 ಕಿಲೋಮೀಟರು. ಗುರುತ್ವವು ದೂರದ ವರ್ಗಕ್ಕೆ ವಿಲೋಮವಾಗಿರುವುದರಿಂದ, 6,370ನ್ನು 6,770ರಿಂದ ಭಾಗಿಸಿ ಬಂದುದನ್ನು ವರ್ಗಮಾಡಿದರೆ ಸುಮಾರು 0.885 ದೊರೆಯುತ್ತದೆ. ಎಂದರೆ ಆ ಎತ್ತರದಲ್ಲಿ ಗುರುತ್ವಾಕರ್ಷಣೆಯು ನೆಲದ ಮೇಲಿರುವುದರ ನೂರಕ್ಕೆ 88 ಪಾಲಿಗಿಂತ ಹೆಚ್ಚಾಗಿಯೇ ಇದೆ. ಅದು ಇಲ್ಲದೆ ಹೋಗಿದ್ದರೆ ನಿಲ್ದಾಣವು ಭೂಮಿಯನ್ನು ಸುತ್ತುತ್ತಲೇ ಇರಲಿಲ್ಲ. ನೇರವಾದ ಗೆರೆಯಲ್ಲಿ ದೂರ ಸಾಗಿಹೋಗುತ್ತಿತ್ತು. ಸೆಕೆಂಡಿಗೆ ಸುಮಾರು 7.7 ಕಿಲೋಮೀಟರು ವೇಗದಿಂದ ಓಡುವ ಆ ನಿಲ್ದಾಣವು ಒಂದು ಸೆಕೆಂಡಿನಲ್ಲಿ ಭೂಮಿಯ ಕಡೆಗೆ ನಾಲ್ಕು ಮೀಟರಿಗಿಂತ ತುಸು ಹೆಚ್ಚು ಬೀಳುತ್ತದೆ. ಆದರೆ ಅಷ್ಟರೊಳಗೆ ಭೂಮಿಯ ದುಂಡಗಿನ ಮೈಯೂ ಅದರ ಕೆಳಗೆ ಅಷ್ಟೇ ಬಾಗಿರುತ್ತದೆ. ಹೀಗೆ ಬೀಳುತ್ತಲೇ ಇದ್ದು ಎಂದಿಗೂ ನೆಲವನ್ನು ಮುಟ್ಟದಿರುವುದೇ ಪರಿಭ್ರಮಣದ ಮರ್ಮ. ಜೊತೆಯಲ್ಲಿ ಬೀಳುವವರಿಗೆ ತಮ್ಮ ತೂಕದ ಅರಿವಾಗುವುದಿಲ್ಲ.

ನಾವು ಆಗ ಸಭೆಯಲ್ಲಿಯೇ ಇದ್ದೆವು, ಎರಡನೆಯ ಸಾಲಿನಲ್ಲಿ. ಎದ್ದು ನಿಂತು ಇಷ್ಟನ್ನು ಹೇಳಲು ಒಂದು ನಿಮಿಷವೂ ಬೇಕಾಗಿರಲಿಲ್ಲ. ಆದರೆ ನಿರ್ವಾಹಕರ ತೀರ್ಮಾನವೇ ಅಂತಿಮವೆಂದು ಆರಂಭದಲ್ಲಿ ಸಾರಲಾಗಿತ್ತು. ಪ್ರಖರವಾದ ದೀಪಗಳು, ಓಡುತ್ತಿದ್ದ ಕ್ಯಾಮೆರಾಗಳು, ಅಪರಿಚಿತರ ಸಭೆ. ನಾವು ಸುಮ್ಮನೆ ಕುಳಿತೆವು. ಬಸ್ಸಿನಲ್ಲಿ ಹಿಂದಿರುಗುವಾಗ ತಂಡದ ಇನ್ನೊಬ್ಬನು ಗೊಣಗಿಕೊಂಡನು: "ಅವರಿಗೆ ಯಾವ ಉತ್ತರ ಬೇಕೆಂದು ಊಹಿಸಿ ಹೇಳಬೇಕಾಗಿತ್ತು." ಉತ್ತರ ಹೇಳಿದ್ದ ಹುಡುಗನು ಬಹಳ ಹೊತ್ತು ಮಾತನಾಡಲಿಲ್ಲ. ಊರು ಹತ್ತಿರವಾದಾಗ ನಮ್ಮನ್ನು ಕೇಳಿದನು: "ಸಾರ್, ನನ್ನ ಉತ್ತರ ಸರಿಯಾಗಿದ್ದರೆ ನೀವೇಕೆ ಎದ್ದು ಹೇಳಲಿಲ್ಲ?" ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಆ ಸೋಲಿಗಿಂತಲೂ ನಮ್ಮನ್ನು ಹೆಚ್ಚಾಗಿ ಕಾಡಿದುದು ಗೊಣಗಿದವನ ಮಾತು. 'ಸತ್ಯವೇನು?' ಎಂಬ ಪ್ರಶ್ನೆಯ ಸ್ಥಾನದಲ್ಲಿ 'ಅವರಿಗೆ ಬೇಕಾದುದೇನು?' ಎಂಬ ಪ್ರಶ್ನೆ ಬಂದು ಕುಳಿತರೆ, ವಿಜ್ಞಾನದ ವಿದ್ಯಾರ್ಥಿಗೆ ಅದಕ್ಕಿಂತ ದೊಡ್ಡ ಅಪಾಯವಿಲ್ಲ. ಟೆಲಿವಿಷನ್ ರಸಪ್ರಶ್ನೆಯ ಇತಿಹಾಸದಲ್ಲಿ ಈ ಅಪಾಯಕ್ಕೆ ಹಳೆಯದೊಂದು ನಿದರ್ಶನವಿದೆ. ಅಮೆರಿಕದಲ್ಲಿ 1956ರಲ್ಲಿ 'ಟ್ವೆಂಟಿ ಒನ್' ಎಂಬ ಸ್ಪರ್ಧೆಯು ಪ್ರಸಾರವಾಗುತ್ತಿತ್ತು. ಕೊಲಂಬಿಯಾ ವಿಶ್ವವಿದ್ಯಾನಿಲಯದ ತರುಣ ಉಪಾಧ್ಯಾಯ ಚಾರ್ಲ್ಸ್ ವ್ಯಾನ್ ಡೋರನ್ ಅದರಲ್ಲಿ ವಾರಗಟ್ಟಲೆ ಗೆದ್ದು 1,29,000 ಡಾಲರುಗಳನ್ನು ಗಳಿಸಿದರು. ವಿದ್ಯೆಗೆ ಇಂಥ ಮನ್ನಣೆ ದೊರೆಯಿತೆಂದು ದೇಶವೇ ಹಿಗ್ಗಿತು. ಆದರೆ 1959ರ ನವೆಂಬರಿನಲ್ಲಿ ಶಾಸನಸಭೆಯ ಉಪಸಮಿತಿಯೊಂದರ ಮುಂದೆ ಅವರು ಸತ್ಯವನ್ನು ಒಪ್ಪಿಕೊಂಡರು. ಪ್ರಶ್ನೆಗಳನ್ನೂ ಉತ್ತರಗಳನ್ನೂ ಕಾರ್ಯಕ್ರಮದವರು ಅವರಿಗೆ ಮುಂಚಿತವಾಗಿಯೇ ತಿಳಿಸುತ್ತಿದ್ದರು. ಹಣೆಯ ಬೆವರನ್ನು ಒರೆಸಿಕೊಳ್ಳುತ್ತ ಯೋಚಿಸುವಂತೆ ಕಾಣುತ್ತಿದ್ದುದೂ ನಟನೆಯೇ ಆಗಿತ್ತು. ಇಂಥ ವಂಚನೆಯನ್ನು ಅಪರಾಧವೆಂದು ಸಾರುವ ಕಾನೂನು 1960ರಲ್ಲಿ ಅಲ್ಲಿ ಜಾರಿಗೆ ಬಂದಿತು. ನಮ್ಮ ಪಂದ್ಯದಲ್ಲಿ ಯಾರೂ ವಂಚಿಸಲಿಲ್ಲ. ಅದು ಅಜ್ಞಾನದಿಂದಾದ ಪ್ರಮಾದ. ಆದರೂ ನೋಟಕ್ಕೆ ಚೆನ್ನಾಗಿ ಕಾಣುವುದೇ ಮುಖ್ಯವಾದಾಗ, ನಿಜವು ಹಿಂದಿನ ಸಾಲಿಗೆ ಸರಿಯುತ್ತದೆಂಬುದು ಎರಡರಲ್ಲಿಯೂ ಸಮಾನ.

ಹಾಗೆಂದು ರಸಪ್ರಶ್ನೆಯ ಒಳ್ಳೆಯ ಪರಂಪರೆಯನ್ನು ಮರೆಯುವಂತಿಲ್ಲ. ಇಂಗ್ಲೆಂಡಿನಲ್ಲಿ 1962ರಲ್ಲಿ ಆರಂಭವಾದ 'ಯೂನಿವರ್ಸಿಟಿ ಚಾಲೆಂಜ್' ವಿಶ್ವವಿದ್ಯಾನಿಲಯಗಳ ತಂಡಗಳನ್ನು ಮುಖಾಮುಖಿಯಾಗಿ ನಿಲ್ಲಿಸಿತು. ನಮ್ಮ ದೇಶದಲ್ಲಿ ದೂರದರ್ಶನದ 'ಕ್ವಿಜ್ ಟೈಮ್' 1985ರಲ್ಲಿ ಸಿದ್ಧಾರ್ಥ ಬಸು ಅವರ ನಿರ್ವಹಣೆಯಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ಮನೆಮನೆಗೆ ಪರಿಚಯಿಸಿತು. ಬೆಂಗಳೂರಿನಲ್ಲಿ 1983ರಲ್ಲಿಯೇ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಸ್ಥಾಪಿತವಾಗಿತ್ತು. ಚಂದನ ವಾಹಿನಿಯಲ್ಲಿ ಡಾ. ನಾ. ಸೋಮೇಶ್ವರ ಅವರು 2002ರಿಂದ ನಡೆಸಿಕೊಂಡು ಬಂದ 'ಥಟ್ ಅಂತ ಹೇಳಿ' ಕಾರ್ಯಕ್ರಮವನ್ನು ಅರಿಯದ ಕನ್ನಡಿಗರು ವಿರಳ. ಅಲ್ಲಿ ಸರಿಯುತ್ತರಕ್ಕೆ ದೊರೆಯುವ ಬಹುಮಾನ ಪುಸ್ತಕ. ಒಂದು ಉತ್ತರವು ಮುಂದಿನ ಓದಿಗೆ ಬಾಗಿಲಾಗುವ ಈ ಏರ್ಪಾಡು ನಮಗೆ ಬಹಳ ಮೆಚ್ಚುಗೆಯಾದುದು.

ಇನ್ನು ಈ ಸ್ಪರ್ಧೆಗಳು ನಿಜವಾಗಿ ಅಳೆಯುವುದೇನೆಂಬುದನ್ನು ಪರಿಶೀಲಿಸೋಣ. ಗುಂಡಿಯೊತ್ತುವ ಸುತ್ತಿನಲ್ಲಿ ಜ್ಞಾನದ ಜೊತೆಗೆ ನರಗಳ ಚುರುಕೂ ಪರೀಕ್ಷೆಗೊಳಗಾಗುತ್ತದೆ. ಇದನ್ನು ಮನೆಯಲ್ಲಿಯೇ ಅಳೆಯಬಹುದು. ಸ್ನೇಹಿತನೊಬ್ಬನು ಅಡಿಕೋಲನ್ನು ನೆಟ್ಟಗೆ ಹಿಡಿದು ಸೂಚನೆಯಿಲ್ಲದೆ ಬಿಡಲಿ. ಅದರ ಕೆಳತುದಿಯ ಬಳಿ ಬೆರಳುಗಳನ್ನು ತೆರೆದಿಟ್ಟುಕೊಂಡಿದ್ದು ತಟ್ಟನೆ ಹಿಡಿಯಿರಿ. ಕೋಲು 20 ಸೆಂಟಿಮೀಟರು ಜಾರಿದ್ದರೆ ನೀವು ತೆಗೆದುಕೊಂಡ ಕಾಲ 0.20 ಸೆಕೆಂಡು, 17 ಸೆಂಟಿಮೀಟರಾದರೆ ಸುಮಾರು 0.19 ಸೆಕೆಂಡು. ಉತ್ತರವು ಇಬ್ಬರಿಗೂ ತಿಳಿದಿದ್ದಾಗ ಗೆಲುವನ್ನು ನಿರ್ಧರಿಸುವುದು ಸೆಕೆಂಡಿನ ನೂರನೆಯ ಒಂದೆರಡು ಭಾಗಗಳ ಅಂತರ. ಶಬ್ದವು 3.4 ಮೀಟರು ಸಾಗಲು ಸೆಕೆಂಡಿನ ನೂರನೆಯ ಒಂದು ಭಾಗವೇ ಹಿಡಿಯುತ್ತದೆ. ಆದುದರಿಂದ ಪ್ರಶ್ನೆ ಕೇಳುವವರಿಂದ ಅಷ್ಟು ದೂರ ಕುಳಿತ ತಂಡವು ಪ್ರಶ್ನೆಯನ್ನು ಕೇಳುವುದಕ್ಕೆ ಮೊದಲೇ ಕೊಂಚ ಹಿಂದೆ ಬಿದ್ದಿರುತ್ತದೆ! ಇಷ್ಟು ಸೂಕ್ಷ್ಮವಾದ ಅಂತರದಿಂದ ಸೋತವರು ತಾವು ದಡ್ಡರೆಂದು ಕೊರಗಬೇಕಾದ ಕಾರಣವೇ ಇಲ್ಲ.

ನೆನಪು ಮತ್ತು ವೇಗ ಎಂಬ ಈ ಎರಡರಲ್ಲಿಯೂ ಯಂತ್ರವು ಮನುಷ್ಯನನ್ನು ಮೀರಿಸಬಲ್ಲದು. 2011ರ ಫೆಬ್ರವರಿಯಲ್ಲಿ ಐ.ಬಿ.ಎಂ. ಸಂಸ್ಥೆಯ 'ವಾಟ್ಸನ್' ಎಂಬ ಗಣಕವು ಅಮೆರಿಕದ 'ಜೆಪರ್ಡಿ' ಎಂಬ ಟೆಲಿವಿಷನ್ ಸ್ಪರ್ಧೆಯಲ್ಲಿ ಕೆನ್ ಜೆನ್ನಿಂಗ್ಸ್, ಬ್ರಾಡ್ ರಟ್ಟರ್ ಎಂಬ ಇಬ್ಬರು ಅಗ್ರಗಣ್ಯರನ್ನು ಬಹು ದೊಡ್ಡ ಅಂತರದಿಂದ ಸೋಲಿಸಿತು. ಜೆನ್ನಿಂಗ್ಸ್ ಅವರು 2004ರಲ್ಲಿ ಒಂದೇ ಸಮನೆ 74 ಪಂದ್ಯಗಳನ್ನು ಗೆದ್ದಿದ್ದವರು. ಆದರೆ ಅದೇ ವಾಟ್ಸನ್ 'ಅಮೆರಿಕದ ನಗರಗಳು' ಎಂಬ ಶೀರ್ಷಿಕೆಯ ಪ್ರಶ್ನೆಯೊಂದಕ್ಕೆ ಕೆನಡಾದ ಟೊರಾಂಟೊ ಎಂದು ಉತ್ತರಿಸಿತು! ಅಂದಿನಿಂದ ಈಚೆಗೆ ಗಣಕಗಳು ಮತ್ತಷ್ಟು ಬೆಳೆದಿವೆ. ಯಾವ ಸಂಗತಿಯನ್ನು ಬೇಕಾದರೂ ಕೈಯಲ್ಲಿನ ಫೋನು ಕ್ಷಣದಲ್ಲಿ ಹುಡುಕಿ ಕೊಡುತ್ತದೆ. ಹೀಗಿರುವಾಗ ಸಂಗತಿಗಳನ್ನು ಕೂಡಿಡುವುದೊಂದನ್ನೇ ಗುರಿಯಾಗಿಟ್ಟುಕೊಂಡ ವಿದ್ಯಾರ್ಥಿಯು ಗೆಲ್ಲಲಾಗದ ಪಂದ್ಯಕ್ಕೆ ಇಳಿದಂತಾಗುತ್ತದೆ.

ಮೇಲಾಗಿ ಸಂಗತಿಗಳು ಸ್ಥಿರವಾಗಿಯೂ ಇರುವುದಿಲ್ಲ. 2006ರ ಆಗಸ್ಟಿನವರೆಗೆ ಗ್ರಹಗಳು ಒಂಬತ್ತೆಂದವನಿಗೆ ಅಂಕ ದೊರೆಯುತ್ತಿತ್ತು, ಆಮೇಲೆ ಎಂಟೆಂದವನಿಗೆ. ಶನಿಗ್ರಹಕ್ಕೆ 128 ಹೊಸ ಉಪಗ್ರಹಗಳು 2025ರ ಮಾರ್ಚಿಯಲ್ಲಿ ಒಮ್ಮೆಗೇ ಸೇರಿ ಒಟ್ಟು ಸಂಖ್ಯೆ 274ಕ್ಕೆ ಏರಿತು. ಅಂಕೆಯನ್ನು ಮಾತ್ರ ಕಲಿತವನ ಜ್ಞಾನ ಅಂದು ಹಳಸಿತು. ಪ್ಲೂಟೋವನ್ನು ಏಕೆ ಬೇರೆ ಪಂಕ್ತಿಗೆ ಸೇರಿಸಿದರೆಂಬುದನ್ನು ತಿಳಿದವನ ಜ್ಞಾನವಾದರೋ ಬೆಳೆಯಿತು.

ಇಷ್ಟು ಹೇಳಿದ ಮಾತ್ರಕ್ಕೆ ನಾವು ನೆನಪನ್ನು ಹಳಿಯುತ್ತಿರುವೆವೆಂದು ಯಾರೂ ತಿಳಿಯಬಾರದು. ಏನೂ ನೆನಪಿಲ್ಲದ ತಲೆಯಲ್ಲಿ ಯೋಚನೆಗೆ ಸಾಮಗ್ರಿಯೇ ಇರುವುದಿಲ್ಲ. ನಮ್ಮ ನಾಡಿನ ಅವಧಾನಕಲೆಯನ್ನು ನೋಡಿ. ಅಷ್ಟಾವಧಾನಿಯು ಎಂಟು ಮಂದಿ ಪೃಚ್ಛಕರ ನಡುವೆ ಕುಳಿತು, ಅವರು ಒಡ್ಡುವ ನಿರ್ಬಂಧಗಳನ್ನೆಲ್ಲ ನೆನಪಿನಲ್ಲಿಟ್ಟುಕೊಂಡು, ನಡುನಡುವೆ ಬರುವ ಅಪ್ರಸ್ತುತ ಪ್ರಸಂಗಕ್ಕೂ ಚಮತ್ಕಾರದಿಂದ ಉತ್ತರಿಸುತ್ತ, ಪದ್ಯಗಳನ್ನು ಪಾದಪಾದವಾಗಿ ಕಟ್ಟುತ್ತಾನೆ. ಅಲ್ಲಿ ನೆನಪು ಸೃಷ್ಟಿಯ ಸೇವಕ. ಅಷ್ಟೇ ಮುಖ್ಯವಾದ ಇನ್ನೊಂದು ಅಂಶವಿದೆ: ಪ್ರಶ್ನೆ ಕೇಳುವ ಪೃಚ್ಛಕರು ಸ್ವತಃ ವಿದ್ವಾಂಸರು. ಉತ್ತರದ ತೂಕವನ್ನು ಅವರು ಚೀಟಿ ನೋಡಿ ಹೇಳಬೇಕಾಗಿಲ್ಲ. ನಮ್ಮ ರಸಪ್ರಶ್ನೆಗಳು ಈ ಮನೆಯ ಸಂಪ್ರದಾಯದಿಂದಲೇ ಕಲಿಯಬಹುದಾದ ಪಾಠವಿದು.

ಆದುದರಿಂದ ಸ್ಪರ್ಧೆಗಳನ್ನು ನಡೆಸುವವರಲ್ಲಿ ನಮ್ಮ ಬಿನ್ನಹ ಮೂರು. ಮೊದಲನೆಯದಾಗಿ, ಪ್ರತಿಯೊಂದು ಪಂದ್ಯದಲ್ಲಿಯೂ ವಿಷಯವನ್ನು ಬಲ್ಲ ಒಬ್ಬಿಬ್ಬರು ಪರೀಕ್ಷಕರು ವೇದಿಕೆಯ ಪಕ್ಕದಲ್ಲಿರಲಿ. ಚೀಟಿಯಲ್ಲಿಲ್ಲದ ಉತ್ತರ ಬಂದಾಗ ಅವರ ಅಭಿಪ್ರಾಯ ಪಡೆಯಲಿ. ಎರಡನೆಯದಾಗಿ, ಸ್ಪರ್ಧಿಯು ವಿನಯದಿಂದ ಆಕ್ಷೇಪ ಸಲ್ಲಿಸಲು ನಿಯಮದಲ್ಲಿಯೇ ಅವಕಾಶವಿರಲಿ. ತೀರ್ಮಾನವು ಅಂತಿಮವಾಗಬೇಕಾದುದು ನ್ಯಾಯವೇ; ಆದರೆ ವಿಚಾರಣೆಯ ನಂತರವಷ್ಟೆ. ಮೂರನೆಯದಾಗಿ, ಯೋಚಿಸಿ ಹೇಳಬಹುದಾದ ಪ್ರಶ್ನೆಗಳೂ ಕೆಲವಿರಲಿ. ಬಾವಿಗೆ ಬಿಟ್ಟ ಕಲ್ಲು ನೀರನ್ನು ಮುಟ್ಟಿದ ಸದ್ದು ಎರಡು ಸೆಕೆಂಡಿನ ಮೇಲೆ ಕೇಳಿಸಿತು. ನೀರು ಎಷ್ಟು ಆಳದಲ್ಲಿದೆ? ಅರ್ಧ ನಿಮಿಷದಲ್ಲಿ ಸುಮಾರು 20 ಮೀಟರೆಂದು ಲೆಕ್ಕ ಹಾಕಬಹುದು. ಇದರಲ್ಲಿ ಕಂಠಪಾಠಕ್ಕಿಂತ ಕಡಮೆಯ ರಸವೇನೂ ಇಲ್ಲ. 1945ರ ಜುಲೈ 16ರಂದು ಮೊದಲ ಪರಮಾಣು ಬಾಂಬಿನ ಪರೀಕ್ಷೆಯಾದಾಗ ಎನ್ರಿಕೊ ಫರ್ಮಿಯವರು ಕಾಗದದ ಚೂರುಗಳನ್ನು ಕೈಯಿಂದ ಬಿಟ್ಟು, ಗಾಳಿಯ ಹೊಡೆತಕ್ಕೆ ಅವು ಸರಿದ ದೂರದಿಂದಲೇ ಸ್ಫೋಟದ ಬಲವನ್ನು ಸುಮಾರು ಹತ್ತು ಸಾವಿರ ಟನ್ನೆಂದು ಅಂದಾಜು ಮಾಡಿದರು. ಆಮೇಲೆ ತಿಳಿದುಬಂದ ಪ್ರಮಾಣ ಅದರ ಇಮ್ಮಡಿಯಷ್ಟು. ಕಾಗದದ ಚೂರಿನಿಂದ ಅಷ್ಟು ಹತ್ತಿರಕ್ಕೆ ಬಂದುದೇ ಜಾಣ್ಮೆಯಲ್ಲವೆ? 'ಥಟ್ಟನೆ' ಹೇಳುವ ಉತ್ತರಗಳಲ್ಲಿ ಇದಕ್ಕೂ ಒಂದು ಗೌರವದ ಸ್ಥಾನವಿರಬೇಕು.

ವಿದ್ಯಾರ್ಥಿಗಳಿಗೆ ನಾವು ಹೇಳುವುದು ಇಷ್ಟು: ಈ ಸ್ಪರ್ಧೆಗಳಲ್ಲಿ ಅವಶ್ಯವಾಗಿ ಭಾಗವಹಿಸಿರಿ. ಸಣ್ಣ ಊರುಗಳಿಂದ ಬಂದ ಹುಡುಗ ಹುಡುಗಿಯರು ನಾಲ್ಕು ಮಂದಿಯ ಎದುರು ಧೈರ್ಯದಿಂದ ಬಾಯಿ ತೆರೆಯಲು ಕಲಿಯುವುದು ಸಾಮಾನ್ಯವಾದ ಲಾಭವಲ್ಲ. ಆದರೆ ಪ್ರತಿಯೊಂದು ಸಂಗತಿಯನ್ನೂ ಕಲಿಯುವಾಗ 'ಏಕೆ?' 'ಹೇಗೆ ತಿಳಿಯಿತು?' ಎಂಬ ಎರಡು ಪ್ರಶ್ನೆಗಳನ್ನು ಅದರ ಬೆನ್ನಿಗೆ ಕಟ್ಟಿರಿ. ಸರಿಯೆಂದು ತಿಳಿದುದನ್ನೇ ಹೇಳಿರಿ. ಅದಕ್ಕಾಗಿ ಅಂಕ ಹೋದರೆ ಹೋಗಲಿ.

ಉಪಾಧ್ಯಾಯರಿಗೂ ಒಂದು ಮಾತು, ಮುಖ್ಯವಾಗಿ ನಮಗೆ ನಾವೇ ಹೇಳಿಕೊಳ್ಳುವುದು. ಪಂದ್ಯ ನಡೆದ ಮರುದಿನ ನಾವು ಆ ಹುಡುಗನ ತರಗತಿಗೆ ಹೋಗಿ, ಹಲಗೆಯ ಮೇಲೆ ಮೇಲಿನ ಲೆಕ್ಕವನ್ನೆಲ್ಲ ಬರೆದು, ಅವನ ಉತ್ತರವೇ ಸರಿಯೆಂದೂ, ನಾವು ಎದ್ದು ಹೇಳದೆ ಕುಳಿತುದು ತಪ್ಪೆಂದೂ ಎಲ್ಲರ ಎದುರಿಗೆ ಹೇಳಿದೆವು. ತರಗತಿ ನಿಶ್ಶಬ್ದವಾಗಿತ್ತು. ಬಳಿಕ ಹಿಂದಿನ ಬೆಂಚಿನಿಂದ ಒಬ್ಬಳು ಕೈಯೆತ್ತಿ, "ಹಾಗಾದರೆ ಚಂದ್ರನೂ ಬೀಳುತ್ತಲೇ ಇದ್ದಾನೆಯೆ, ಸಾರ್?" ಎಂದು ಕೇಳಿದಳು. ಅಂದಿನ ಪಾಠ ಗಂಟೆ ಹೊಡೆದ ಮೇಲೂ ಮುಂದುವರಿಯಿತು.