ರೀಮೇಕ್ ಮಾಡಿ, ಆದರೆ ಮೂಲ ಮರೀಬೇಡಿ

ಕಳೆದ ಚಳಿಗಾಲದ ಒಂದು ಶುಕ್ರವಾರ ರಾತ್ರಿ. ಹೊರಗೆ ಹಿಮ, ಒಳಗೆ ಪಾಪ್‌ಕಾರ್ನ್. ಅಕ್ಕಪಕ್ಕದ ಸ್ನೇಹಿತರೂ ಬಂದಿದ್ದರು, ಅವರಲ್ಲಿ ಕನ್ನಡ ಬರದವರೇ ಜಾಸ್ತಿ. ಹಾಗಾಗಿ ‘ಉಜ್ಡಾ ಚಮನ್’ ಅನ್ನೋ ಹಿಂದಿ ಚಿತ್ರ ಹಾಕಿದೆವು. ತಲೆಗೂದಲು ಉದುರಿದ ಒಬ್ಬ ಮೇಷ್ಟ್ರು ಮದುವೆಗೆ ಹೆಣ್ಣು ಸಿಗದೆ ಪರದಾಡೋ ಕತೆ. ನನ್ನ ತಲೆಯ ಪರಿಸ್ಥಿತಿ ಬಲ್ಲವರೆಲ್ಲ ಟಿ.ವಿ.ಗಿಂತ ನನ್ನನ್ನು ನೋಡಿಯೇ ಹೆಚ್ಚು ನಕ್ಕರು ಅನ್ನಿ.

ಎರಡು ವಾರ ಬಿಟ್ಟು ನಾವು ಮನೆಯವರಷ್ಟೇ ಕೂತು ‘ಒಂದು ಮೊಟ್ಟೆಯ ಕಥೆ’ ನೋಡಿದೆವು. ಅರ್ಧ ಗಂಟೆ ಆಗಿತ್ತೋ ಇಲ್ಲವೋ, ಎಂಟನೇ ಗ್ರೇಡಿನ ಮಗಳು ಕೇಳಿದಳು: “ಅಪ್ಪಾ, ಇದು ಅದೇ ಸಿನಿಮಾ ಅಲ್ವಾ? ಕನ್ನಡದೋರು ಹಿಂದಿಯಿಂದ ಕಾಪಿ ಹೊಡೆದಿದಾರಾ?”

ಪಾಪ್‌ಕಾರ್ನ್ ಗಂಟಲಲ್ಲೇ ನಿಂತುಬಿಡ್ತು. ಕನ್ನಡದ್ದು ಬಂದಿದ್ದು 2017ರಲ್ಲಿ. ರಾಜ್ ಬಿ. ಶೆಟ್ಟಿ ಅವರೇ ಬರೆದು, ನಿರ್ದೇಶಿಸಿ, ಮೊಟ್ಟೆ ತಲೆಯ ಜನಾರ್ದನನಾಗಿ ನಟಿಸಿದ್ದು. ಹಿಂದಿಯದು 2019ರ ರೀಮೇಕ್. ಮಗಳಿಗೆ ಇದನ್ನೆಲ್ಲ ಹೇಳಿದೆ. ಅವಳದೇನೂ ತಪ್ಪಿಲ್ಲ. ಮೊದಲು ಯಾವುದನ್ನು ನೋಡ್ತೀವೋ ಅದೇ ಮೂಲ ಅಂದುಕೊಳ್ಳೋದು ಸಹಜ. ಮೊದಲು ಹಿಂದಿಯದನ್ನು ಹಾಕಿದವನು ನಾನೇ ತಾನೆ? ಅವತ್ತಿಂದ ಒಂದು ಪ್ರಶ್ನೆ ತಲೆಯಲ್ಲಿ ಕೊರೀತಾ ಇದೆ: ಒಂದು ಭಾಷೆಯ ನಗೆಚಿತ್ರವನ್ನ ಇನ್ನೊಂದು ಭಾಷೆಯವರು ಮತ್ತೆ ಮಾಡೋದು ಸರಿಯಾ?

ಇದು ನಮ್ಮೊಬ್ಬರ ಪ್ರಶ್ನೆ ಅಲ್ಲ. ಯುರೋಪಿನವರು ಹಾಲಿವುಡ್ ಬಗ್ಗೆ ಬಹಳ ವರ್ಷಗಳಿಂದ ಇದನ್ನೇ ಕೇಳ್ತಿದ್ದಾರೆ. ಮೂವರು ಬ್ರಹ್ಮಚಾರಿಗಳ ಮನೆಬಾಗಿಲಿಗೆ ಒಂದು ಹಸುಗೂಸು ಬಂದುಬಿಡುವ ಫ್ರೆಂಚ್ ಚಿತ್ರವನ್ನು ಕೊಲೀನ್ ಸೆರೋ ಎಂಬ ನಿರ್ದೇಶಕಿ 1985ರಲ್ಲಿ ಮಾಡಿದರು. ಎರಡೇ ವರ್ಷಕ್ಕೆ ಅದು ‘ತ್ರೀ ಮೆನ್ ಅಂಡ್ ಎ ಬೇಬಿ’ ಆಗಿ ಇಲ್ಲಿ ಬಂತು, ಭರ್ಜರಿ ದುಡ್ಡು ಮಾಡ್ತು. ಇಲ್ಲಿ ಎಷ್ಟೋ ಜನಕ್ಕೆ ಅದರ ಹಿಂದೆ ಒಂದು ಫ್ರೆಂಚ್ ಚಿತ್ರ ಇದೆ ಅನ್ನೋದೇ ಗೊತ್ತಿಲ್ಲ. ಹಾಗೇ 2011ರ ಫ್ರೆಂಚ್ ಚಿತ್ರ ‘ಇಂಟಚಬಲ್ಸ್’ 2019ರಲ್ಲಿ ಇಲ್ಲಿನ ಥಿಯೇಟರ್‌ಗಳಿಗೆ ‘ದಿ ಅಪ್‌ಸೈಡ್’ ಆಗಿ ಬಂತು. ಪ್ಯಾರಿಸ್ ಹೋಗಿ ನ್ಯೂಯಾರ್ಕ್ ಆಯ್ತು.

ಯಾಕೆ ಹೀಗೆ ಮಾಡ್ತಾರೆ? ಒಂದು ಕಾರಣ ಸಬ್‌ಟೈಟಲ್. ಪರದೆಯ ಕೆಳಗೆ ಓದಿಕೊಂಡು ಸಿನಿಮಾ ನೋಡೋದು ಅಮೆರಿಕದಲ್ಲಿ ಬಹಳ ಜನಕ್ಕೆ ಒಗ್ಗಲ್ಲ. 2020ರಲ್ಲಿ ‘ಪ್ಯಾರಸೈಟ್’ ಚಿತ್ರಕ್ಕೆ ಗೋಲ್ಡನ್ ಗ್ಲೋಬ್ ಬಂದಾಗ ಕೊರಿಯಾದ ನಿರ್ದೇಶಕ ಬಾಂಗ್ ಜೂನ್ ಹೋ ಹೇಳಿದ್ದೂ ಅದೇ: ಆ ಒಂದಿಂಚು ಎತ್ತರದ ಗೋಡೆ ದಾಟಿದರೆ ಎಷ್ಟೋ ಒಳ್ಳೆಯ ಸಿನಿಮಾಗಳು ನಿಮಗೆ ಸಿಗುತ್ತವೆ ಅಂತ.

ಹಾಗಂತ ರೀಮೇಕೇ ಬೇಡ ಅನ್ನೋಕೆ ನನಗೆ ಬಾಯಿ ಬರಲ್ಲ. ಯಾಕಂದ್ರೆ ನಾವು ಕನ್ನಡಿಗರೇನು ಕಮ್ಮಿ ಮಾಡಿದೀವಾ? ಷೇಕ್ಸ್‌ಪಿಯರನ ‘ಕಾಮೆಡಿ ಆಫ್ ಎರರ್ಸ್’ ನಾಟಕದ ಅವಳಿಜವಳಿ ಗೊಂದಲವನ್ನೇ ಎನ್. ಎಸ್. ಶಂಕರ್ 1997ರಲ್ಲಿ ‘ಉಲ್ಟಾ ಪಲ್ಟಾ’ ಮಾಡಿದರು, ರಮೇಶ್ ಅರವಿಂದ್ ಎರಡೆರಡು ಪಾತ್ರದಲ್ಲಿ. ಪರ್ವತವಾಣಿ ಅವರು ‘ಟೇಮಿಂಗ್ ಆಫ್ ದಿ ಶ್ರೂ’ ನಾಟಕವನ್ನು ‘ಬಹದ್ದೂರ್ ಗಂಡ’ ಮಾಡಿದರು. ಅದೇ ಮುಂದೆ 1989ರಲ್ಲಿ ‘ನಂಜುಂಡಿ ಕಲ್ಯಾಣ’ ಆಯ್ತು. ಅದನ್ನು ನೋಡಿ ನಕ್ಕ ನಮ್ಮಜ್ಜಿಗೆ ಷೇಕ್ಸ್‌ಪಿಯರ್ ಯಾರು ಅಂತಾನೂ ಗೊತ್ತಿರಲಿಲ್ಲ. ಇನ್ನೂ ಒಂದು ಮಜಾ ಏನಂದ್ರೆ, ಅವಳಿಗಳ ಆ ಕತೆಯನ್ನು ಷೇಕ್ಸ್‌ಪಿಯರ್ ತಗೊಂಡಿದ್ದು ಅವನಿಗಿಂತ ಹದಿನೇಳು ಶತಮಾನಕ್ಕೂ ಹಿಂದಿನ ರೋಮನ್ ನಾಟಕಕಾರ ಪ್ಲಾಟಸ್‌ನಿಂದ! ಅಂದ್ರೆ ನಗೆಕತೆಗಳು ಊರಿಂದೂರಿಗೆ ಹೋಗ್ತಾನೇ ಇರುತ್ತವೆ. ಅವಕ್ಕೆ ವೀಸಾ ಬೇಕಿಲ್ಲ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಹಾಗೇ. ಇನ್ನೊಬ್ಬರು ಬರೆದ ಓಪನ್ ಸೋರ್ಸ್ ಕೋಡ್ ತಗೊಂಡು ನಮಗೆ ಬೇಕಾದ ಹಾಗೆ ಬದಲಾಯಿಸಬಹುದು. ಆದರೆ ಎರಡು ಮಾತು ನೆನಪಿರಬೇಕು. ಮೂಲ ಬರೆದವರ ಹೆಸರು ಅಳಿಸಬಾರದು. ಹೊಸ ಮೆಷಿನ್‌ನಲ್ಲಿ ಅದು ನಿಜವಾಗಿ ಓಡಬೇಕು. ಸುಮ್ಮನೆ ಕಾಪಿ-ಪೇಸ್ಟ್ ಮಾಡಿದರೆ ಎರರ್ ಬರೋದು ಗ್ಯಾರಂಟಿ.

ಈ ಅಳತೆಗೋಲು ಹಿಡಿದು ಜನಾರ್ದನನ ಕತೆಗೆ ವಾಪಸ್ ಬರೋಣ. ಅವನು ಮಂಗಳೂರಿನ ಕಾಲೇಜೊಂದರ ಕನ್ನಡ ಮೇಷ್ಟ್ರು, ಡಾ. ರಾಜ್‌ಕುಮಾರ್ ಅಭಿಮಾನಿ. ಎದುರಿಗಿರೋರು “ಎಂತ ಮಾರಾಯ” ಅನ್ನೋ ಆ ರಾಗದಲ್ಲೇ ಅರ್ಧ ನಗು ಇದೆ. ಕನ್ನಡ ಪಾಠ ಮಾಡುವವನನ್ನು ಕನ್ನಡ ನಾಡಿನ ಹುಡುಗರೇ ಗೇಲಿ ಮಾಡ್ತಾರಲ್ಲ, ಆ ನಗುವಿನ ಒಳಗೆ ಒಂದು ನೋವೂ ಇದೆ. ಹಿಂದಿಯಲ್ಲಿ ಅವನು ದೆಹಲಿಯ ಹಿಂದಿ ಮೇಷ್ಟ್ರಾದ. ಕತೆ ಉಳೀತು. ಆದರೆ ರಾಜ್‌ಕುಮಾರ್ ಹೋದರು, ಮಂಗಳೂರು ಹೋಯ್ತು, ಆ ಮೆಲ್ಲಗಿನ ನಗುವೂ ಹೋಯ್ತು ಅಂತ ನನಗನಿಸಿತು.

ಅದೇ 2019ರಲ್ಲಿ ಮಲಯಾಳಂನಲ್ಲಿ ‘ತಮಾಶ’ ಬಂತು. ಎಳೆ ಅದೇ, ಬೋಳುತಲೆಯ ಮೇಷ್ಟ್ರು, ಇವನು ಮಲಯಾಳಂ ಪಾಠ ಮಾಡ್ತಾನೆ. ಆದರೆ ಅವರು ಕತೆಯನ್ನು ತಮ್ಮ ಊರಿನ ನೀರಲ್ಲಿ ಅದ್ದಿ ತೆಗೆದರು. ದಪ್ಪಗಿರುವ ಹುಡುಗಿಯೊಬ್ಬಳನ್ನು ಜನ ಫೇಸ್‌ಬುಕ್‌ನಲ್ಲಿ ಹೀಯಾಳಿಸೋದು, ಅವಳು ಅದನ್ನ ಎದುರಿಸೋದು ಅಲ್ಲಿ ಮುಖ್ಯವಾಯ್ತು. ಅದನ್ನು ನೋಡಿದಾಗ ನನಗೆ ಕದ್ದ ಮಾಲು ಅನಿಸಲಿಲ್ಲ, ಒಂದೇ ಬೀಜದ ಇನ್ನೊಂದು ಮರ ಅನಿಸಿತು. ನಮ್ಮಲ್ಲೂ ‘ರಾಮ ಶಾಮ ಭಾಮ’ ನೆನಪಿದೆಯಲ್ಲ? ತಮಿಳಿನಲ್ಲಿ ಕೊಯಮತ್ತೂರು ಕಡೆಯ ಮಾತಿದ್ದರೆ ಕನ್ನಡದಲ್ಲಿ ಕಮಲ್ ಹಾಸನ್ ಉತ್ತರ ಕರ್ನಾಟಕದ ಮಾತಾಡಿದರು. ರೀಮೇಕ್ ಅಂದ್ರೆ ಹಾಗಿರಬೇಕು.

ಕೆಲವರು ಕೇಳಬಹುದು: “ರೀಮೇಕ್ ಆದ್ರೇನೇ ಅಲ್ವಾ ನಮ್ಮ ಕತೆ ನಾಲ್ಕು ಜನಕ್ಕೆ ತಲುಪೋದು? ಮೂಲ ಬರೆದವರಿಗೂ ನಾಲ್ಕು ಕಾಸು ಸಿಗುತ್ತಲ್ಲ?” ಒಪ್ಪಿದೆ. ಆವತ್ತು ಮನೆಗೆ ಬಂದ ಸ್ನೇಹಿತರು ಹಿಂದಿಯದು ಇಲ್ಲದಿದ್ದರೆ ಆ ಕತೆ ನೋಡ್ತಾನೇ ಇರಲಿಲ್ಲ. ನನ್ನ ತಕರಾರು ರೀಮೇಕ್ ಮಾಡಿದವರ ಮೇಲಲ್ಲ, ಅದನ್ನು ನೋಡಿ ‘ಸಾಕು’ ಅಂದುಕೊಳ್ಳುವ ನಮ್ಮ ಸೋಮಾರಿತನದ ಮೇಲೆ.

ಈ ವಿಷಯ ನನ್ನ ತರಗತಿಗೂ ಬಂತು. ವಾರ್ಷಿಕೋತ್ಸವದ ಸ್ಕಿಟ್‌ಗೆ ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆ ತಗೊಂಡಿದ್ವಿ. ಮಕ್ಕಳು ಅಂದರು, “ಅಂಕಲ್, ಇದನ್ನ ವರ್ಜೀನಿಯಾದಲ್ಲಿ ನಡೆಯೋ ಹಾಗೆ ಮಾಡೋಣ.” ನಾನು ಮೊದಲು ಬೇಡ ಅಂದೆ. ಆಮೇಲೆ ಒಂದು ಷರತ್ತು ಹಾಕಿದೆ: ಮೊದಲು ಪ್ರತಿಯೊಬ್ಬರೂ ಹಳೆಯ ಕತೆಯನ್ನ ಕನ್ನಡದಲ್ಲಿ ಪೂರ್ತಿ ಹೇಳಬೇಕು. ಎರಡು ಶನಿವಾರ ಅದಕ್ಕೇ ಹೋಯ್ತು. ಆಮೇಲೆ ಕೃಷ್ಣದೇವರಾಯ ಕೌಂಟಿ ಆಫೀಸಿನಲ್ಲಿ ಕೂತ. ಬೆಕ್ಕಿನ ಜೊತೆ ಹಸು ಕೊಡೋ ಬದಲು ಹಾಲಿನ ಗ್ಯಾಲನ್‌ಗೆ ಕೂಪನ್ ಕೊಟ್ಟ. ರಾಮಕೃಷ್ಣ ಹಾಲನ್ನ ಮೈಕ್ರೋವೇವ್‌ನಲ್ಲಿಟ್ಟು ಕುದಿಸಿದ, ಬೆಕ್ಕು ಒಂದೇ ಸಲ ಮೂತಿ ಸುಟ್ಟುಕೊಂಡು ಹಾಲು ಕಂಡರೆ ಓಡ್ತು. ಸಭೆಯಲ್ಲಿ ಊರಿಂದ ಬಂದಿದ್ದ ಅಜ್ಜಿ-ತಾತಂದಿರೇ ಎಲ್ಲರಿಗಿಂತ ಜೋರಾಗಿ ನಕ್ಕರು. ಯಾಕಂದ್ರೆ ಅವರಿಗೆ ಎರಡೂ ಕತೆ ಗೊತ್ತಿತ್ತು.

ಮಕ್ಕಳೇ, ನನ್ನ ಅಭಿಪ್ರಾಯ ಇಷ್ಟೇ. ಹಾಲಿವುಡ್ಡೋ ಬಾಲಿವುಡ್ಡೋ, ಯಾರು ಬೇಕಾದರೂ ಯಾರ ನಗೆಚಿತ್ರವನ್ನಾದರೂ ರೀಮೇಕ್ ಮಾಡಲಿ. ಆದರೆ ತಮ್ಮ ಊರಿನದನ್ನಾಗಿ ಮಾಡಲಿ, ಮೂಲದ ಹೆಸರು ಹೇಳಲಿ. ಉಳಿದದ್ದು ನಮ್ಮ ಕೈಲಿದೆ. ಸಿಲ್ವರ್ ಸ್ಪ್ರಿಂಗ್‌ನ ಎ.ಎಫ್.ಐ. ಸಿಲ್ವರ್ ಥಿಯೇಟರ್‌ನಲ್ಲಿ ವರ್ಷದ ಕೊನೆಗೆ ಯುರೋಪಿನ ಚಿತ್ರಗಳ ಉತ್ಸವ ನಡೆಯುತ್ತೆ. ನಿಮಗೆ ಹೊಂದುವ ಒಂದು ಚಿತ್ರಕ್ಕೆ ಅಪ್ಪ ಅಮ್ಮನ ಜೊತೆ ಹೋಗಿ ಸಬ್‌ಟೈಟಲ್ ಓದೋದು ಅಭ್ಯಾಸ ಮಾಡಿಕೊಳ್ಳಿ.

ಕನ್ನಡ ಚಿತ್ರಕ್ಕೆ ಮಾತ್ರ ಆ ಸಾಲುಗಳೂ ನಿಮಗೆ ಬೇಡವಾಗುವ ದಿನ ಬರಲಿ. ಮೊನ್ನೆ ಸಬ್‌ಟೈಟಲ್ ಆಫ್ ಮಾಡಿ ‘ಒಂದು ಮೊಟ್ಟೆಯ ಕಥೆ’ ಇನ್ನೊಂದು ಸಲ ಹಾಕಿದ್ದೆ. ಒಂದು ಕಡೆ ಮಗಳು ನನಗಿಂತ ಮೊದಲೇ ನಕ್ಕಳು.

ಈಗ ಮನೆಯಲ್ಲಿ ನನ್ನನ್ನ “ಎಂತ ಮಾರಾಯ” ಅಂತಾನೇ ಕರೀತಾಳೆ. ತಲೆ ಬಗ್ಗೆ ಹೇಳೋದಕ್ಕಿಂತ ಅದೇ ವಾಸಿ!