ಕವಡಿ ಬೀಳುವ ಮುಂಚೆ

ಪುಣೆಯಲ್ಲಿ ಓದುತ್ತಿರುವ ತಮ್ಮನ ಮಗ ಹೋದ ವಾರ ರಾತ್ರಿ ಹತ್ತರ ಮೇಲೆ ಫೋನ್ ಮಾಡಿದ. ಅವನೂ ನಾಲ್ವರು ಗೆಳೆಯರೂ ವಾರಕ್ಕೊಮ್ಮೆ ಕೂತು ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಡುತ್ತಾರೆ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗಿ ಅದರೊಳಗೆ ಓಡಾಡುತ್ತಾರೆ. ಹೊಡೆತ ತಾಕಿತೋ ತಪ್ಪಿತೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ನಡೆಸುವವನು ರಟ್ಟಿನ ಮರೆ ಇಟ್ಟುಕೊಂಡು ದಾಳ ಹಾಕಿದರೆ ಬಿದ್ದ ಅಂಕಿ ಅವನೊಬ್ಬನಿಗೇ ಕಾಣುತ್ತದೆ. ನಮ್ಮ ಹುಡುಗನೇ ಆಟ ನಡೆಸುವವನು.

‘ದೊಡ್ಡಪ್ಪ, ಆರು ತಿಂಗಳಿಂದ ಒಬ್ಬ ಗೆಳ್ಯಾ ಬೆಳೆಸಿದ ಪಾತ್ರ. ನಿನ್ನೆ ನನ್ನ ದಾಳ ಇಪ್ಪತ್ತು ಬಿತ್ತು. ಖರೇ ಹೇಳಿದ್ರ ಆ ಪಾತ್ರ ಸಾಯ್ತಿತ್ತು. ನಾ ಹನ್ನೊಂದು ಅಂದೆ. ತಪ್ಪಾತೇನು?’

ಹುಡುಗರ ಆಟದ ಮಾತೆಂದು ತಳ್ಳಿಹಾಕುವುದು ನನ್ನಿಂದ ಆಗಲಿಲ್ಲ. ಇದೇ ಪ್ರಶ್ನೆಯನ್ನು ಅವನು ಆರು ವರ್ಷದವನಿದ್ದಾಗ ಮುರುಮದ ನಮ್ಮ ಮನೆಯಲ್ಲಿ ನನಗೇ ಕೇಳಿದ್ದ.

ಮುರುಮ ಮಹಾರಾಷ್ಟ್ರದ ಗಡಿಸೀಮೆಯಲ್ಲಿರುವ ಉಮರ್ಗಾ ತಾಲೂಕಿನ ಊರು. 1956ರಲ್ಲಿ ಹೈದರಾಬಾದ್ ರಾಜ್ಯದ ಸೀಮೆ ಒಡೆದು ಹಂಚಿಕೆಯಾದಾಗ ನಮ್ಮ ಕಡೆಯ ಉದಗೀರ, ನಿಲಂಗಾ ಬೀದರ ಜಿಲ್ಲೆಯಿಂದ ಬೇರೆಯಾಗಿ ಮರಾಠವಾಡದ ಕಡೆ ಹೋದವು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಎಂದು ಬೆಳೆದ ನಮ್ಮಂಥವರಿಗೆ ಎರಡರಲ್ಲೂ ಒಂದೇ ಥರ ಆಡಲು ಬರುತ್ತಿದ್ದದ್ದು ಚೌಕಾಬಾರಾ. ಶ್ರಾವಣದ ಮಳೆ ಹಿಡಿದ ಮಧ್ಯಾಹ್ನ ನಮ್ಮ ಆಯಿ ಪಡಸಾಲೆಯ ಶಹಾಬಾದ್ ಫರಸಿಯ ಮೇಲೆ ಸುಣ್ಣದ ಹೆಂಟೆಯಿಂದ ಇಪ್ಪತ್ತೈದು ಮನೆ ಬರೆಯುತ್ತಿದ್ದಳು. ಕವಡಿ ಇಲ್ಲದಿದ್ದರೆ ಹುಣಸೆ ಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮಗ್ಗಲು ಬೆಳ್ಳಗೆ ಮಾಡಿಕೊಳ್ಳುತ್ತಿದ್ದೆವು. ನಾಲ್ಕೂ ಬೆಳ್ಳಗೆ ಬಿದ್ದರೆ ಚೌಕಾ, ನಾಲ್ಕೂ ಕಪ್ಪಗೆ ಬಿದ್ದರೆ ಬಾರಾ, ಅಂದರೆ ಎಂಟು. ಎದುರಾಳಿಯ ಒಂದು ಕಾಯಾದರೂ ಹೊಡೆಯದೆ ಒಳಮನೆಗೆ ಹೋಗುವಂತಿಲ್ಲ. ಹೊಡೆಯದವನು ಹೊರಸುತ್ತಿನಲ್ಲೇ ತಿರುಗುತ್ತಿರಬೇಕು. ಅವನ ಕಾಯಿ ಎಂದಿಗೂ ಹಣ್ಣಾಗುವುದಿಲ್ಲ.

ಆಯಿ ಈ ಕಾಯ್ದೆಯನ್ನು ಆಗಾಗ ಬಗ್ಗಿಸುತ್ತಿದ್ದಳು. ಆಟ ಶುರುವಾಗುವ ಮೊದಲು ಎಲ್ಲರ ಮುಖ ನೋಡಿ, ‘ಸಣ್ಣಾಕಿ ಇವತ್ತೇ ಆಡಾಕ ಕುಂತಾಳ. ಆಕಿಗಿ ಹೊಡೀದಿದ್ರೂ ಒಳಗ ಬಿಡೂಣು. ಯಾರಿಗರೆ ಬ್ಯಾಡ ಅಂದ್ರ ಈಗ ಹೇಳ್ರಿ’ ಎನ್ನುತ್ತಿದ್ದಳು. ಯಾರೂ ಬೇಡವೆನ್ನುತ್ತಿರಲಿಲ್ಲ. ಒಂದು ದಿನ ಸೋಲುತ್ತಿದ್ದ ನಾನು ನಡು ಆಟದಲ್ಲಿ ನನಗೂ ಅದೇ ಸವಲತ್ತು ಬೇಕೆಂದು ಹಟ ಹಿಡಿದೆ. ಆಯಿ ಬೀಜ ಕುಲುಕುವ ಕೈ ನಿಲ್ಲಿಸಿ, ‘ಬೀಳೂಕಿಂತ ಮೊದಲ ಕೇಳಬೇಕಿತ್ತು ಮಗಾ. ಬಿದ್ದ ಮ್ಯಾಲ ಅದು ನನ್ನ ಕೈಯಾಗಿಲ್ಲ’ ಅಂದಳು. ನಾನು ಅತ್ತುಬಿಟ್ಟೆ. ಆಕೆ ಕರಗಲಿಲ್ಲ.

ಮೂರು ದಶಕ ಕಳೆದು, ಅದೇ ಪಡಸಾಲೆಯಲ್ಲಿ ತಮ್ಮನ ಮಗನಿಗೆ ಆಟ ಕಲಿಸುತ್ತಿದ್ದೆ. ಗೆಲ್ಲಲು ಅವನಿಗೆ ಚೌಕಾ ಬೇಕಿತ್ತು. ಮೂರು ಬೀಜ ಬೆಳ್ಳಗೆ ಬಿದ್ದು ಒಂದು ಕಪ್ಪಗೆ ಬಿತ್ತು. ಎಣಿಸುವ ನೆವದಲ್ಲಿ ಆ ಒಂದನ್ನು ಕಿರುಬೆರಳಿನಿಂದ ಮಗುಚಿ, ‘ಚೌಕಾ!’ ಎಂದು ಕೂಗಿದೆ. ಹುಡುಗ ಕುಣಿಯಲಿಲ್ಲ. ರಾತ್ರಿ ಹಾಸಿಗೆಯಲ್ಲಿ ಮೆಲ್ಲಗೆ ಕೇಳಿದ: ‘ದೊಡ್ಡಪ್ಪ, ನಿನ್ನೆ ಗೆದ್ದದ್ದು ಖರೇ ಗೆದ್ದೆನೋ?’ ನಿನ್ನೆಯದು ಖರೇ ಗೆಲುವೇ ಆಗಿತ್ತು. ಹೌದೆಂದೆ. ಅವನು ಏನೂ ಅನ್ನದೆ ಗೋಡೆ ಕಡೆ ಹೊರಳಿದ. ಒಂದು ಬೀಜ ಮಗುಚಿ ನಾನು ಅವನ ಅಷ್ಟೂ ಗೆಲುವು ಕಿತ್ತುಕೊಂಡಿದ್ದೆ.

ಪುಣೆಯ ಹುಡುಗರು ಆಡುವ ಆ ಆಟದ ಮೂಲವೂ ಇದೇ ತೊಡಕಿನಲ್ಲಿದೆ. 1824ರಲ್ಲಿ ಪ್ರಶ್ಯದ ಸೇನಾಧಿಕಾರಿ ರೈಸ್‌ವಿಟ್ಸ್ ತನ್ನ ಸೈನ್ಯಕ್ಕೆ ನಕಾಶೆಯ ಮೇಲೆ ಆಡುವ ಯುದ್ಧದಾಟವೊಂದನ್ನು ಕೊಟ್ಟ. ಪ್ರತಿ ಸರದಿ ಎರಡು ನಿಮಿಷದ ಯುದ್ಧಕ್ಕೆ ಸಮ. ಎಷ್ಟು ಜನ ಬಿದ್ದರೆಂಬುದನ್ನು ದಾಳ ಮತ್ತು ಕೋಷ್ಟಕ ಹೇಳಬೇಕು. ಎರಡೂ ಪಡೆಯ ಪೂರ್ತಿ ಸ್ಥಿತಿ ಕಾಣುವುದು ನಡುವೆ ನಿಂತ ಪಂಚನಿಗೆ ಮಾತ್ರ. ಕೋಷ್ಟಕದ ಕಾಟ ಹೆಚ್ಚಾಯಿತೆಂದು 1876ರಲ್ಲಿ ವೆರ್ಡಿ ದು ವೆರ್ನ್ವಾ ಎಂಬ ಸೇನಾಪತಿ, ಅನುಭವಿ ಪಂಚನ ವಿವೇಕವೇ ಸಾಕು ಎಂದು ಬರೆದ. ಪುಸ್ತಕವೋ ಪಂಚನೋ ಎಂಬ ಆ ಜಗಳ ಕೈ ದಾಟುತ್ತಾ ಅಮೆರಿಕಕ್ಕೆ ಬಂತು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಡಂಜನ್ಸ್ ಅಂಡ್ ಡ್ರಾಗನ್ಸ್ ಹೊರತಂದಾಗ ಅದೂ ಒಳಗೆ ಸೇರಿಕೊಂಡಿತ್ತು.

ನಾನು ಪಂಚನ ಪಕ್ಷ. ನಮ್ಮ ಕಡೆಯ ಜಾತ್ರೆ ಕುಸ್ತಿ ನೋಡಿದವರಿಗೆ ಇದು ಗೊತ್ತು. ಅಲ್ಲಿ ತಕ್ಕಡಿ ಇರುವುದಿಲ್ಲ. ಪಂಚ ಇಬ್ಬರು ಹುಡುಗರನ್ನು ಎದುರುಬದುರು ನಿಲ್ಲಿಸಿ, ಮೈಕಟ್ಟು ನೋಡಿ ಜೋಡಿ ಹಚ್ಚುತ್ತಾನೆ. ಒಪ್ಪದವನು ಅಲ್ಲೇ ಹಿಂದೆ ಸರಿಯಬಹುದು. ಪಂಚನ ದಯೆ, ದಾಕ್ಷಿಣ್ಯ, ಲೆಕ್ಕಾಚಾರ ಎಲ್ಲ ಅಷ್ಟರೊಳಗೇ ಮುಗಿಯಬೇಕು. ಕೈಗೆ ಕೈ ಕೂಡಿದ ಮೇಲೆ ಯಾರ ಬೆನ್ನು ಮಣ್ಣಿಗೆ ತಾಗಿತೆಂಬುದನ್ನು ಅವನು ನೋಡಬಹುದು, ತಿದ್ದುವಂತಿಲ್ಲ.

ಮಹಾಭಾರತದ ಜೂಜಿನ ಸಭೆಯಲ್ಲಿ ಇಲ್ಲದೇ ಹೋದದ್ದು ಇಂಥ ಪಂಚನೇ. ದುರ್ಯೋಧನನ ಪರವಾಗಿ ಶಕುನಿ ಆಡುತ್ತಾನೆ ಎಂದಾಗ, ಒಬ್ಬನ ಸಲುವಾಗಿ ಇನ್ನೊಬ್ಬ ಆಡುವುದು ಸರಿಕಾಣದು ಎಂದು ಧರ್ಮರಾಯ ಮೊದಲೇ ಹೇಳುತ್ತಾನೆ. ಆ ಮಾತನ್ನು ಯಾರೂ ಎತ್ತಿಹಿಡಿಯಲಿಲ್ಲ. ಅವನೂ ಆಡಲು ಕೂತ. ಎಲ್ಲ ಸೋತು, ದ್ರೌಪದಿಯನ್ನು ಸಭೆಗೆ ಎಳೆತಂದ ಮೇಲೆ ಧೃತರಾಷ್ಟ್ರ ವರ ಕೊಟ್ಟು ಸೋತದ್ದನ್ನು ಮರಳಿಸುತ್ತಾನೆ. ನೋಡಲಿಕ್ಕೆ ಅದು ಕರುಣೆ. ಆದರೆ ಬಿದ್ದ ದಾಳವನ್ನು ಒಂದು ಸಲ ಒರೆಸಿದವನು ಇನ್ನೊಂದು ಸಲ ಹಾಕಿಸುವುದಿಲ್ಲ ಎಂದು ಏನು ಖಾತರಿ? ಸ್ವಲ್ಪದರಲ್ಲೇ ಪಾಂಡವರನ್ನು ಹಾದಿಯಿಂದ ತಿರುಗಿ ಕರೆಸಿದರು. ಎರಡನೆಯ ಆಟ ಹನ್ನೆರಡು ವರ್ಷದ ಕಾಡಿಗೆ ಕಳಿಸಿತು.

ಕಥೆ ನಡೆಸುವವನಿಗೆ ಗುಟ್ಟು ಬೇಕು, ನಿಜ. ಬಾಗಿಲ ಹಿಂದೆ ಯಾರಿದ್ದಾರೆಂದು ಮೊದಲೇ ಹೇಳಿದರೆ ಕಥೆಯಲ್ಲಿ ಏನು ಉಳಿಯಿತು? ಆದರೆ ಬಾಗಿಲ ಹಿಂದಿನದನ್ನು ಮುಚ್ಚಿಡುವುದು ಬೇರೆ, ಬಿದ್ದದ್ದನ್ನು ಮುಚ್ಚಿಡುವುದು ಬೇರೆ. ಗೆಳೆಯನ ಪಾತ್ರ ಒಂದೇ ಹೊಡೆತಕ್ಕೆ ಸಾಯಬಾರದು ಅನ್ನಿಸಿದರೆ ಆಟಕ್ಕೆ ಮೊದಲೇ ಎಲ್ಲರೆದುರು ಹೇಳಬೇಕು: ನಮ್ಮ ಆಟದಲ್ಲಿ ಸಾವಿಲ್ಲ, ಸೆರೆ ಉಂಟು, ಒಪ್ಪಿಗೆಯೇ? ಆಗ ಬಗ್ಗಿದ ಕಾಯ್ದೆ ಎಲ್ಲರದೂ ಆಗುತ್ತದೆ. ಮರೆಯ ಹಿಂದೆ ಬಗ್ಗಿಸಿದ್ದು ಒಬ್ಬನ ಉಪಕಾರವಾಗಿಯೇ ಉಳಿಯುತ್ತದೆ. ಉಪಕಾರದ ಮೇಲೆ ಬದುಕಿದ ವೀರ ತನ್ನ ಕಾಲ ಮೇಲೆ ನಿಂತವನಲ್ಲ. ಅದು ಅವನಿಗೆ ತಿಳಿಯದಿರುವುದು ಇನ್ನೂ ದೊಡ್ಡ ಅನ್ಯಾಯ.

ಹುಡುಗನಿಗೆ ಇಷ್ಟನ್ನೇ ಹೇಳಿದೆ. ‘ಹಂಗಾರ ಆ ಹನ್ನೊಂದು?’ ಎಂದ. ‘ಅದನ್ನೂ ಅವಗ ಹೇಳಪ್ಪ’ ಎಂದೆ. ಆ ಕಡೆ ಬಹಳ ಹೊತ್ತು ಮಾತಿಲ್ಲ.

ಮೊನ್ನೆ ಮತ್ತೆ ಫೋನ್ ಬಂತು. ಹೇಳಿದನಂತೆ. ಗೆಳೆಯ ಸಿಟ್ಟಾಗಲಿಲ್ಲ, ಒಂದೇ ಮಾತು ಕೇಳಿದನಂತೆ: ‘ಮಳೆಗಾಲದಾಗ ನಾ ಸೇತುವೆ ದಾಟಿ ಬದುಕಿ ಬಂದೆನಲ್ಲ, ಅದು?’

‘ಅದು ಖರೇ ಬಿದ್ದಿತ್ತು ಅಂದೆ ದೊಡ್ಡಪ್ಪ. ನಂಬಿದನೋ ಇಲ್ಲೋ ಗೊತ್ತಿಲ್ಲ. ಮರೆ ತೆಗೆದಿಟ್ಟೀನಿ.’